ಹಬ್ಬದ ಬರಹಕ್ಕೆ ಪೇಟೆ ಎಲ್ಲಿದೆ?



ನಿಮ್ಮಲ್ಲಿ ಹಲವರು ಬರೆಯುತ್ತೀರಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಕವನ, ಗೋಡೆ ಪತ್ರಿಕೆಗೆ ಒಂದು ಲೇಖನ, ಇಷ್ಟಾದರೂ ಬರೆದಿರುತ್ತೀರಿ. ಆದರೆ ಬರೆದದ್ದಕ್ಕೆ ನಾಲ್ಕು ಕಾಸು ಬರುವುದುಂಟೆ, ಬರುವುದಾದರೆ ಎಲ್ಲಿಂದ, ಎಂದು ಕೇಳುವುದಕ್ಕೆ ಮಾತ್ರ ಸಂಕೋಚ. ಸರಸ್ವತಿ ಇದ್ದಲ್ಲಿ ಲಕ್ಷ್ಮಿ ಬರುವುದಿಲ್ಲ ಎಂದು ಮನೆಯಲ್ಲಿ ಹಿರಿಯರು ಹೇಳಿರಲೂಬಹುದು. ನಾನು ಆ ಮಾತನ್ನು ಒಪ್ಪುವವನಲ್ಲ. ಹಬ್ಬ, ಜಾತ್ರೆ, ಮಳೆಗಾಲ, ಸುಗ್ಗಿ, ಪರೀಕ್ಷೆ, ರಜೆ, ಹೀಗೆ ಆಯಾ ಕಾಲಕ್ಕೆ ಹೊಂದುವ ಬರಹಗಳಿವೆಯಲ್ಲ, ಅವಕ್ಕೆ ಸಂಭಾವನೆ ಕೊಡುವ ಪತ್ರಿಕೆಗಳನ್ನು ಹುಡುಕುವುದು ಹೇಗೆ ಎಂಬುದನ್ನು ಈ ಹೊತ್ತು ಸಂಕೋಚವಿಲ್ಲದೆ ಮಾತನಾಡೋಣ.

ಈ ವಿದ್ಯೆಯನ್ನು ನಾನು ಕಲಿತದ್ದು ಯಾವ ಪತ್ರಿಕಾಲಯದಲ್ಲೂ ಅಲ್ಲ, ಮಾಮೂಲ್‌ಪೇಟೆಯಲ್ಲಿ. ಬೆಂಗಳೂರಿನ ಹಳೆಯ ಭಾಗವನ್ನು ನೋಡದವರಿಗಾಗಿ ಒಂದು ಮಾತು ಹೇಳುತ್ತೇನೆ. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ, ಸುಲ್ತಾನ್‌ಪೇಟೆ ಎಂದು ಒಂದಕ್ಕೊಂದು ಅಂಟಿಕೊಂಡ ಬೀದಿಗಳಿವೆ. ಮಾಮೂಲ್‌ಪೇಟೆ ಅವುಗಳಲ್ಲಿ ಒಂದು. ಎದುರಿನಿಂದ ಕೈಗಾಡಿ ಬಂದರೆ ನೀವು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಇಲ್ಲಿ ಸಗಟು ವ್ಯಾಪಾರ. ನಮ್ಮ ತಂದೆಯವರು ಅಲ್ಲಿ ಅಲಂಕಾರದ ಸಾಮಾನಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಚಾಮರಾಜಪೇಟೆಯ ಮನೆಯಿಂದ ಅವರಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ಒಯ್ಯುವುದು ರಜಾ ದಿನಗಳಲ್ಲಿ ನನ್ನ ಕೆಲಸ.

ಆಷಾಢದ ಗಾಳಿ ಬೀಸುವಾಗಲೇ ಅಲ್ಲಿ ಗೌರಿ-ಗಣೇಶನ ಹಬ್ಬದ ಗಂಟುಗಳನ್ನು ಬಿಚ್ಚುತ್ತಿದ್ದರು. ಊರೆಲ್ಲ ಗಣೇಶನನ್ನು ಕೂರಿಸುವ ಹೊತ್ತಿಗೆ ದೀಪಾವಳಿಯ ಸಾಮಾನು ತುಮಕೂರಿಗೋ ಕೋಲಾರಕ್ಕೋ ಹೊರಡಲು ಸಿದ್ಧವಾಗಿರುತ್ತಿತ್ತು. ಹಬ್ಬದ ಹಿಂದಿನ ದಿನ ನೋಡಿದರೆ ಬೇರೆ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ, ಈ ಅಂಗಡಿ ಮಾತ್ರ ಬಿಕೋ ಎನ್ನುತ್ತಿತ್ತು. ನನಗೆ ಇದು ಅರ್ಥವಾಗಲಿಲ್ಲ. ಕೇಳಿದೆ. "ಹಬ್ಬದ ದಿನ ಹಬ್ಬದ ಸಾಮಾನು ಹುಡುಕಿಕೊಂಡು ಬರೋನು ಗಿರಾಕಿ ಕಣೋ, ವ್ಯಾಪಾರಿ ಅಲ್ಲ" ಎಂದರು ಅಪ್ಪ, ಕ್ಯಾರಿಯರ್ ಬಿಚ್ಚುತ್ತ.

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. 1972ರಲ್ಲಿ, ನಾನು ಪದವಿ ತರಗತಿಯಲ್ಲಿದ್ದಾಗ, ಪರೀಕ್ಷೆಯ ಶುಲ್ಕ ಕಟ್ಟಬೇಕಿತ್ತು. ಅಕ್ಕ ಬಾಣಂತನಕ್ಕೆ ಬಂದಿದ್ದಳು, ಮನೆಯಲ್ಲಿ ಹಣವಿರಲಿಲ್ಲ. ಅದು ಕಾರ್ತಿಕ ಮಾಸ. ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ಮುಂದೆ ಸಂಜೆಯವರೆಗೂ ಸುತ್ತಾಡಿದೆ, ರಾಶಿ ಹಾಕಿಕೊಂಡು ಕೂತಿದ್ದ ರೈತರನ್ನು ಮಾತನಾಡಿಸಿದೆ, ರಾತ್ರಿಯೆಲ್ಲ ಕೂತು ಬರೆದೆ, ಮಂಗಳವಾರ ಬೆಳಿಗ್ಗೆ ಒಂದು ವಾರಪತ್ರಿಕೆಗೆ ಅಂಚೆಗೆ ಹಾಕಿದೆ. ಬಿಸಿಬಿಸಿ ಬರಹ, ಹಾಕದೇ ಬಿಡುತ್ತಾರೆಯೇ ಎಂಬ ನಂಬಿಕೆ. ಬರುವ ಹಣವನ್ನು ಮನಸ್ಸಿನಲ್ಲೇ ಶುಲ್ಕಕ್ಕೆ ಸೇರಿಸಿಯೂ ಆಗಿತ್ತು.

ಮೂರು ವಾರಕ್ಕೆ ಲಕೋಟೆ ವಾಪಸು ಬಂತು. ಒಳಗೊಂದು ಚೀಟಿ: "ಬರಹ ಚೆನ್ನಾಗಿದೆ. ಪರಿಷೆ ಮುಗಿಯಿತಲ್ಲ! ಮುಂದಿನ ವರ್ಷ ದಸರೆಗೆ ಮುಂಚೆ ಕಳಿಸಿ." ಯಾರ ಮುಂದೆಯೂ ಕೈ ಚಾಚದ ಅಪ್ಪ ಅಂದು ಯಜಮಾನರ ಹತ್ತಿರ ಮುಂಗಡ ಕೇಳಬೇಕಾಯಿತು. ಆ ತಿಂಗಳು ಅವರು ಊಟಕ್ಕೆ ಕೂತಾಗಲೆಲ್ಲ ನಾನು ತಲೆ ಎತ್ತಿ ನೋಡಲಿಲ್ಲ.

ಆ ಚೀಟಿ ಬರೆದ ಉಪಸಂಪಾದಕರು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ಅಪ್ಪ ಹೇಳಿದ್ದನ್ನೇ ಅವರೂ ಹೇಳಿದ್ದರು. ಮುಂದಿನ ಶ್ರಾವಣದಲ್ಲಿ ಅದೇ ಲೇಖನವನ್ನು ತಿದ್ದಿ ಕಳಿಸಿದೆ. ಅಚ್ಚಾಯಿತು. 25 ರೂಪಾಯಿಯ ಮನಿಯಾರ್ಡರ್ ಬಂತು. ಅಪ್ಪ ತಮ್ಮ ಮನೆಖರ್ಚಿನ ಪುಸ್ತಕದಲ್ಲಿ ಅದನ್ನು ಜಮಾ ಬರೆದರು, "ಬರವಣಿಗೆ ಬಾಬ್ತು" ಎಂದು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಮನೆಗಳ ಗೋಡೆಯ ಮೇಲೆ ಬೆಂಗಳೂರು ಪ್ರೆಸ್‌ನ ಕ್ಯಾಲೆಂಡರ್ ತೂಗುತ್ತಿರುತ್ತದೆ. ಈ ಮುದ್ರಣಾಲಯ 1916ರಲ್ಲಿ ಆರಂಭವಾಯಿತು, ಕ್ಯಾಲೆಂಡರ್ 1921ರಿಂದ ಬರುತ್ತಿದೆ. ತಿಥಿ, ನಕ್ಷತ್ರ, ಹಬ್ಬ, ಜಾತ್ರೆ ಎಲ್ಲ ಅದರಲ್ಲಿವೆ. ಮನೆಯವರು ಏಕಾದಶಿ ಎಂದು ಎಂದು ನೋಡುತ್ತಾರೆ. ಬರೆಯುವವರು ಅದರ ಹಾಳೆಗಳನ್ನು ಹಿಂದಕ್ಕೆ ತಿರುವಬೇಕು. ನನ್ನ ಅನುಭವದ ಲೆಕ್ಕ ಹೀಗಿದೆ: ದಿನಪತ್ರಿಕೆಯ ಪುರವಣಿಗಾದರೆ ಹಬ್ಬಕ್ಕೆ ಮೂರು ವಾರ ಮುಂಚೆ, ವಾರಪತ್ರಿಕೆಯ ಸಾಮಾನ್ಯ ಸಂಚಿಕೆಗೆ ಆರೇಳು ವಾರ, ಮಾಸಪತ್ರಿಕೆಗೆ ಮೂರು ತಿಂಗಳು, ವಿಶೇಷಾಂಕಕ್ಕೆ ನಾಲ್ಕು ತಿಂಗಳು.

ಒಂದು ಎಚ್ಚರಿಕೆ. ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಚಾಂದ್ರಮಾನದವು, ಆದ್ದರಿಂದ ತಾರೀಕು ಸರಿಯುತ್ತಲೇ ಇರುತ್ತದೆ. ನರಕ ಚತುರ್ದಶಿ 2025ರಲ್ಲಿ ಅಕ್ಟೋಬರ್ 20ಕ್ಕೆ ಬಂದರೆ 2026ರಲ್ಲಿ ನವೆಂಬರ್ 8ಕ್ಕೆ. 2026ರಲ್ಲಿ ಜ್ಯೇಷ್ಠ ಅಧಿಕಮಾಸವಾದದ್ದೇ ಇದಕ್ಕೆ ಕಾರಣ. ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿದರೆ ಮೊದಲನೆಯದಕ್ಕೆ ಜೂನ್ ಮೂರನೆಯ ವಾರ, ಎರಡನೆಯದಕ್ಕೆ ಜುಲೈ ಎರಡನೆಯ ವಾರ. ಹೋದ ವರ್ಷದ ತಾರೀಕನ್ನೇ ನೆಚ್ಚಿ ಕೂತವರು ಒಮ್ಮೊಮ್ಮೆ ಎಡವುತ್ತಾರೆ. ನವೆಂಬರ್ 1ರ ರಾಜ್ಯೋತ್ಸವ, ಸೆಪ್ಟೆಂಬರ್ 5ರ ಶಿಕ್ಷಕರ ದಿನ, ಫೆಬ್ರುವರಿ 28ರ ವಿಜ್ಞಾನ ದಿನ ಇಂಥವು ಮಾತ್ರ ಕದಲುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಈ ಕೊನೆಯದನ್ನು ಗುರುತು ಹಾಕಿಕೊಳ್ಳಿ. ಕನ್ನಡದಲ್ಲಿ ತಿಳಿಯಾಗಿ ವಿಜ್ಞಾನ ಬರೆಯುವವರು ಕಡಿಮೆ, ಬೇಡಿಕೆ ಹೆಚ್ಚು.

ವಿಶೇಷಾಂಕ ಎಂದೆನಲ್ಲ, ಅದರ ಮೂಲ ಸ್ವಲ್ಪ ತಿಳಿದಿರಲಿ. ಮರಾಠಿಯಲ್ಲಿ ಕಾಶೀನಾಥ ರಘುನಾಥ ಮಿತ್ರ ಅವರು ತಮ್ಮ 'ಮನೋರಂಜನ' ಪತ್ರಿಕೆಯ ದೀಪಾವಳಿ ಸಂಚಿಕೆಯನ್ನು 1909ರಲ್ಲಿ ಹೊರತಂದರು. ಅಲ್ಲಿ ಇಂದಿಗೂ ದೀಪಾವಳಿಗೆ ಚಕ್ಕುಲಿಯಷ್ಟೇ ಮುಖ್ಯ 'ದಿವಾಳಿ ಅಂಕ'. ಬಂಗಾಳದಲ್ಲಿ ದುರ್ಗಾಪೂಜೆಗೆ ಶಾರದೀಯ ಸಂಚಿಕೆಗಳು. ಸತ್ಯಜಿತ್ ರಾಯ್ ಅವರ ಫೆಲೂದಾ ಪತ್ತೇದಾರಿ ಕಾದಂಬರಿಗಳಲ್ಲಿ ಹಲವು 'ದೇಶ್' ಪತ್ರಿಕೆಯ ಪೂಜಾ ಸಂಚಿಕೆಗಳಲ್ಲಿ ಬಂದವು. ನಮ್ಮಲ್ಲಿ 'ಪ್ರಜಾವಾಣಿ'ಯ ದೀಪಾವಳಿ ವಿಶೇಷಾಂಕ ಮತ್ತು ಅದರ ಕಥಾಸ್ಪರ್ಧೆ, 1965ರಲ್ಲಿ ಹುಟ್ಟಿದ 'ಸುಧಾ'ದ ಯುಗಾದಿ ವಿಶೇಷಾಂಕ, 1983ರಲ್ಲಿ ಮಣಿಪಾಲದಿಂದ ಆರಂಭವಾದ 'ತರಂಗ'ದ ಹಬ್ಬದ ಸಂಚಿಕೆಗಳು ಓದುಗರಿಗೆ ಚಿರಪರಿಚಿತ. ಕೆಂಪೇಗೌಡ ನಗರದ 'ಉತ್ಥಾನ' ಮಾಸಪತ್ರಿಕೆ ಕಥಾಸ್ಪರ್ಧೆಯ ಜೊತೆಗೆ ಕಾಲೇಜು ವಿದ್ಯಾರ್ಥಿಗಳಿಗೆಂದೇ ಪ್ರಬಂಧ ಸ್ಪರ್ಧೆಯನ್ನೂ ನಡೆಸುತ್ತ ಬಂದಿದೆ. ಹಬ್ಬದಲ್ಲಿ ಜಾಹೀರಾತು ಹೆಚ್ಚು, ಜಾಹೀರಾತು ಹೆಚ್ಚಿದರೆ ಪುಟ ಹೆಚ್ಚು, ಪುಟ ಹೆಚ್ಚಿದರೆ ಬರಹ ಬೇಕು. ಸೀರೆ ಅಂಗಡಿಯವರು ಹಿಂದಿನ ಪುಟಕ್ಕೆ ಕೊಟ್ಟ ಹಣದಿಂದಲೇ ಒಳಗಿನ ಕಥೆಗಾರನಿಗೆ ಸಂಭಾವನೆ ಹೋಗುವುದು ಎಂದರೆ ನಿಮಗೆ ಬೇಸರವಾಗಬಹುದು. ನನಗೇನೂ ಬೇಸರವಿಲ್ಲ.

ಆದರೆ ವಿಶೇಷಾಂಕ ಎಂದ ಕೂಡಲೇ ಅಲ್ಲಿಗೇ ಓಡಬೇಡಿ. ಮೊದಲು ಅವೆನ್ಯೂ ರಸ್ತೆಗೆ ಹೋಗಿ. ಹಳೆಯ ದೊಡ್ಡಪೇಟೆಯೇ ಅದು. ಹಳೆಯ ಪುಸ್ತಕಗಳ ವ್ಯಾಪಾರಕ್ಕೆ ಹೆಸರಾದ ರಸ್ತೆ. ಹಿಂದಿನ ವರ್ಷಗಳ ವಿಶೇಷಾಂಕಗಳು ಸಿಕ್ಕರೆ ಅಗ್ಗಕ್ಕೆ ಬರುತ್ತವೆ. ಸಿಗದಿದ್ದರೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯಕ್ಕೋ, ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೋ ಹೋಗಿ ಕೇಳಿ. ಒಂದೇ ಪತ್ರಿಕೆಯ ಮೂರು ವರ್ಷದ ಹಬ್ಬದ ಸಂಚಿಕೆಗಳನ್ನು ಎದುರಿಗಿಟ್ಟುಕೊಳ್ಳಿ, ಕೈಯಲ್ಲಿ ಪೆನ್ಸಿಲ್ ಇರಲಿ. ಪರಿವಿಡಿಯಲ್ಲಿ ನಿಮಗೆ ಗೊತ್ತಿರುವ ದೊಡ್ಡ ಹೆಸರುಗಳ ಪಕ್ಕ ಒಂದು ಗೀಟು ಎಳೆಯಿರಿ. ಕಾದಂಬರಿ, ನೀಳ್ಗತೆ, ಪ್ರವಾಸ ಕಥನ ಇವೆಲ್ಲ ಅವರದ್ದೇ ಆಗಿರುತ್ತವೆ. ಅವರಿಗೆ ಸಂಪಾದಕರೇ ಮುಂಚಿತವಾಗಿ ಹೇಳಿ ಬರೆಸಿರುತ್ತಾರೆ, ಆ ಜಾಗಕ್ಕೆ ನೀವು ಕಾಯುವುದು ವ್ಯರ್ಥ. ಗೀಟಿಲ್ಲದೆ ಉಳಿದ ಹೆಸರುಗಳನ್ನು ನೋಡಿ. ಅವು ಯಾವ ಪುಟದಲ್ಲಿವೆ? ಎಷ್ಟು ಉದ್ದ? ಲಲಿತ ಪ್ರಬಂಧವೇ, ಊರಿನ ಆಚರಣೆಯೇ, ಅಡುಗೆಯೇ, ನಗೆಹನಿಯೇ, ಮಕ್ಕಳ ಪುಟವೇ? ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದ ಕಥೆಯೇ? ನಿಮ್ಮ ಬಾಗಿಲು ಅದು.

ಈ ಕೆಲಸಕ್ಕೆ ಎರಡು ಮಧ್ಯಾಹ್ನ ಸಾಕು. ಮಾಡುವವರು ಮಾತ್ರ ಬಹಳ ಕಡಿಮೆ. 'ಪತ್ರಿಕೆಯವರು ಹೊಸಬರನ್ನು ಸೇರಿಸುವುದಿಲ್ಲ' ಎಂದು ದೂರುವ ಹುಡುಗರನ್ನು ನಾನು 'ಕಳೆದ ಸಂಚಿಕೆಯಲ್ಲಿ ಏನಿತ್ತು?' ಎಂದು ಕೇಳುತ್ತೇನೆ. ಉತ್ತರ ಬರುವುದಿಲ್ಲ.

ಇನ್ನೊಂದು ವಿಷಯ. ವಿಶೇಷಾಂಕ ವರ್ಷಕ್ಕೊಂದೋ ಎರಡೋ. ವಾರಪತ್ರಿಕೆಯ ಸಾಮಾನ್ಯ ಸಂಚಿಕೆ ಐವತ್ತರಷ್ಟು. ದಿನಪತ್ರಿಕೆಯ ಪುರವಣಿಯಂತೂ ನಿತ್ಯದ ಹಸಿವು. ಮೊದಲ ಸಂಭಾವನೆ ಬರುವುದು ಸಾಮಾನ್ಯವಾಗಿ ಇಲ್ಲಿಂದ. ನಾನೂರೈದುನೂರು ಪದಗಳ ಚೊಕ್ಕ ಬರಹ, ಹಬ್ಬಕ್ಕೆ ಎರಡು ವಾರ ಮುಂಚಿನ ಪುಟಕ್ಕೆ ಹೊಂದುವಂತಿದ್ದರೆ ಉಪಸಂಪಾದಕರಿಗೆ ಅದು ದೇವರು ಕೊಟ್ಟಂತೆ.

ಏನನ್ನು ಬರೆಯಬೇಕು? 'ರಾಮನವಮಿಯ ಮಹತ್ವ' ಎಂಬ ಲೇಖನ ಪ್ರತಿ ಪತ್ರಿಕೆಗೂ ಪ್ರತಿ ವರ್ಷ ಬರುತ್ತದೆ, ಬುಟ್ಟಿಗೆ ಬೀಳುತ್ತದೆ. ಅದೇ ನೋಡಿ, ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದಿದೆ. ಕೋಟೆ ಹೈಸ್ಕೂಲಿನ ಮೈದಾನದ ಕಚೇರಿಗಳನ್ನು ಕೇಳದ ಹಳೆಯ ಬೆಂಗಳೂರಿಗರಿಲ್ಲ. ಚಪ್ಪರ ಹಾಕುವವರು ಯಾರು, ಕುರ್ಚಿಗಳು ಎಲ್ಲಿಂದ ಬರುತ್ತವೆ, ಟಿಕೆಟ್ಟಿಲ್ಲದೆ ಬೇಲಿಯಾಚೆ ನಿಂತು ಪೂರ್ತಿ ಕಚೇರಿ ಕೇಳುವವರು ಯಾರು? ಇದನ್ನು ಬರೆಯಲು ಸಂಗೀತ ವಿದ್ವಾಂಸರಾಗಬೇಕಿಲ್ಲ. ಕರಗದ ರಾತ್ರಿಯನ್ನು ತೆಗೆದುಕೊಳ್ಳಿ. ಚೈತ್ರ ಪೂರ್ಣಿಮೆಯಂದು ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ ಎಂಬುದು ಎಲ್ಲರೂ ಬರೆದಿರುವ ವಿಷಯ. ಆ ರಾತ್ರಿ ದರ್ಗಾದ ಓಣಿಯಲ್ಲಿ ಎಚ್ಚರವಿದ್ದು ಕಾಯುವ ಒಂದು ಮನೆಯವರೊಡನೆ ಕೂತು ಬಂದರೆ ಬರಹ ನಿಮ್ಮದಾಗುತ್ತದೆ. ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಸೂರ್ಯನ ಬೆಳಕು ಲಿಂಗದ ಮೇಲೆ ಬೀಳುವುದನ್ನು ವರ್ಣಿಸುವವರು ನೂರು ಜನ. ಅದು ಹೇಗೆ ಸಾಧ್ಯ ಎಂದು ಚಿತ್ರ ಬರೆದು ವಿವರಿಸುವವರು ಒಬ್ಬಿಬ್ಬರು. ಚಳಿಗಾಲದಲ್ಲಿ ಅವರೆಕಾಯಿ, ಬೇಸಿಗೆಯಲ್ಲಿ ಮಾವು, ಜೂನ್‌ನಲ್ಲಿ ಹೊಸ ನೋಟುಪುಸ್ತಕದ ವಾಸನೆ. ಹಬ್ಬವೇ ಆಗಬೇಕೆಂದಿಲ್ಲ.

ಇಲ್ಲೊಂದು ತೊಡಕಿದೆ. ನಾಲ್ಕು ತಿಂಗಳು ಮುಂಚೆ ಬರೆಯಬೇಕು ಎಂದರೆ ಶ್ರಾವಣದಲ್ಲಿ ಕೂತು ಕಡಲೆಕಾಯಿ ಪರಿಷೆಯನ್ನು ಕಂಡಂತೆ ಬರೆಯುವುದು ಹೇಗೆ? ಅದಕ್ಕೇ ಒಂದು ನೋಟುಪುಸ್ತಕ ಬೇಕು. ನಾನು ಸುಲ್ತಾನ್‌ಪೇಟೆಯಲ್ಲಿ ಕೊಂಡ ಉದ್ದನೆಯ ಲೆಕ್ಕದ ಪುಸ್ತಕವನ್ನೇ ಇಟ್ಟುಕೊಂಡಿದ್ದೆ. ಈ ವರ್ಷ ಕಂಡದ್ದನ್ನು ಈ ವರ್ಷವೇ ಅದರಲ್ಲಿ ಬರೆದಿಡಬೇಕು: ಸೇರಿನ ಬೆಲೆ ಎಷ್ಟಿತ್ತು, ರೈತ ಯಾವ ಊರಿನಿಂದ ಬಂದಿದ್ದ, ಮಳೆ ಹನಿದಾಗ ರಾಶಿಯನ್ನು ಯಾವುದರಿಂದ ಮುಚ್ಚಿದ, ಅವನು ಆಡಿದ ಮಾತು ಯಾವುದು. ನಿಮಗೆ ಮೊಬೈಲ್ ಫೋನಿನ ಸೌಕರ್ಯವಿದೆ, ಫೋಟೋ ತೆಗೆದಿಡಿ, ಒಪ್ಪಿಗೆ ಕೇಳಿ ಮಾತನ್ನು ಧ್ವನಿಮುದ್ರಿಸಿ. ಮುಂದಿನ ವರ್ಷ ಬೆಲೆಯನ್ನೂ ತಾರೀಕನ್ನೂ ಮತ್ತೆ ವಿಚಾರಿಸಿ ಸರಿಪಡಿಸಿ ಕಳಿಸಿ. ಹೋದ ವರ್ಷದ್ದನ್ನು ಈ ವರ್ಷ ನಡೆದಂತೆ ಬರೆಯುವುದು ಮೋಸ. 'ಕಳೆದ ಪರಿಷೆಯಲ್ಲಿ ಕಂಡದ್ದು' ಎಂದೇ ಹೇಳಿ. ಓದುಗರು ತಪ್ಪು ತಿಳಿಯುವುದಿಲ್ಲ.

ವಿದ್ಯಾರ್ಥಿ ಎಂಬ ಕಾರಣಕ್ಕೆ ಹಿಂಜರಿಯಬೇಡಿ. ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆ ಆರಂಭಿಸಿದರು. ಆರ್.ಕೆ. ಲಕ್ಷ್ಮಣ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲೇ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಆ 'ಕೊರವಂಜಿ' 1967ರಲ್ಲಿ ನಿಂತಿತು ಎಂಬುದನ್ನೂ ನೆನಪಿಡಿ. ಪತ್ರಿಕೆಗಳು ಹುಟ್ಟುತ್ತವೆ, ನಿಲ್ಲುತ್ತವೆ. ನಾನು ಬರೆದ ಪತ್ರಿಕೆಗಳಲ್ಲಿ ಹಲವು ಈಗಿಲ್ಲ. ಆದ್ದರಿಂದ ಯಾರೋ ಕೊಟ್ಟ ಹಳೆಯ ವಿಳಾಸದ ಪಟ್ಟಿಯನ್ನು ನೆಚ್ಚಬೇಡಿ. ಅಂಗಡಿಯಲ್ಲಿ ಈ ತಿಂಗಳ ಸಂಚಿಕೆ ಕೊಂಡು, ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುವ ಸಣ್ಣ ಅಕ್ಷರದ ಸಾಲನ್ನು ಹುಡುಕಿ. ವಿಳಾಸ, ಇ-ಮೇಲ್ ಅಲ್ಲೇ ಅಕ್ಕಪಕ್ಕ ಇರುತ್ತದೆ. ಬರಹವನ್ನು ಯೂನಿಕೋಡ್‌ನಲ್ಲಿ ಕಳಿಸಬೇಕೋ 'ನುಡಿ'ಯಲ್ಲೋ ಎಂಬುದನ್ನೂ ಕೆಲವರು ತಿಳಿಸಿರುತ್ತಾರೆ, ಅದನ್ನು ಪಾಲಿಸಿ. ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ.

ಇನ್ನು ಹಣದ ಮಾತು. ಆಕಾಶವಾಣಿಗೆ ಭಾಷಣಕ್ಕೆ ಕರೆದರೆ ಕರಾರು ಪತ್ರ ಬರುತ್ತದೆ, ಅದರಲ್ಲಿ ಮೊತ್ತ ನಮೂದಾಗಿರುತ್ತದೆ. ಪತ್ರಿಕೆಗಳಲ್ಲಿ ಹಾಗಿಲ್ಲ. ಕೆಲವರು ಅಚ್ಚಾದ ಮೇಲೆ ತಾವಾಗಿಯೇ ಕಳಿಸುತ್ತಾರೆ. ಕೆಲವರು ಸ್ವಲ್ಪ ಕೊಡುತ್ತಾರೆ. ಎಷ್ಟೋ ಸಣ್ಣ ಸಾಹಿತ್ಯ ಪತ್ರಿಕೆಗಳಿಗೆ ಕೊಡುವ ಮನಸ್ಸಿದ್ದರೂ ಶಕ್ತಿಯಿಲ್ಲ. ಅವರಿಗೂ ಬರೆಯಿರಿ, ಆದರೆ ಗೊತ್ತಿದ್ದು ಬರೆಯಿರಿ. ಮಂಡಳಿ, ಸಂಘಗಳ ಸ್ಮರಣ ಸಂಚಿಕೆಗಳದ್ದೂ ಇದೇ ಕಥೆ, ಹೆಚ್ಚೆಂದರೆ ಒಂದು ಪ್ರತಿ, ಒಂದು ಶಾಲು. ಬರಹ ಸ್ವೀಕೃತವಾಗಿದೆ ಎಂದು ತಿಳಿದ ಮೇಲೆ 'ಸಂಭಾವನೆಯ ಪದ್ಧತಿ ಏನೆಂದು ದಯವಿಟ್ಟು ತಿಳಿಸಿ' ಎಂದು ಒಂದು ಸಾಲು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ನಾನು ಹತ್ತು ವರ್ಷ ಕೇಳದೆ ಇದ್ದೆ. ಅದು ವಿನಯವಲ್ಲ, ಹೆದರಿಕೆ. ಈಗ ಮನಿಯಾರ್ಡರಿನ ಕಾಲವಲ್ಲ. ಬ್ಯಾಂಕ್ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಸಂಕೇತ, ಕೆಲವೆಡೆ ಪ್ಯಾನ್ ಸಂಖ್ಯೆ ಕೇಳುತ್ತಾರೆ. ಹದಿನೆಂಟು ತುಂಬದವರು ಮನೆಯ ಹಿರಿಯರನ್ನು ಕೇಳಿಯೇ ಕೊಡಿ. 'ನಿಮ್ಮ ಕವನ ಆಯ್ಕೆಯಾಗಿದೆ, ಸಂಕಲನದ ಹತ್ತು ಪ್ರತಿ ಕೊಳ್ಳಿ' ಎಂದು ನಿಮ್ಮಿಂದಲೇ ಹಣ ಕೇಳಿದರೆ ಅದು ವ್ಯಾಪಾರ ಹೌದು, ಆದರೆ ಅಲ್ಲಿ ಗಿರಾಕಿ ನೀವು.

ಕೊನೆಯದಾಗಿ ಹಕ್ಕು. ಒಮ್ಮೆ ಒಬ್ಬ ಪ್ರಕಾಶಕರು ಕೊಟ್ಟ ಅಚ್ಚಾದ ರಸೀದಿಗೆ ಓದದೆಯೇ ಸಹಿ ಹಾಕಿದೆ. ಕೆಲವು ವರ್ಷಗಳ ನಂತರ ನನ್ನ ಲೇಖನ ಬೇರೊಂದು ಸಂಕಲನದಲ್ಲಿ ಕಾಣಿಸಿತು. ಕೇಳಲು ಹೋದರೆ ಆ ರಸೀದಿಯನ್ನೇ ತೋರಿಸಿದರು, ಸಣ್ಣ ಅಕ್ಷರದಲ್ಲಿ 'ಸರ್ವಹಕ್ಕುಗಳೊಂದಿಗೆ' ಎಂದಿತ್ತು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಪತ್ರಿಕೆಯ ನೌಕರರಲ್ಲದೆ ಹೊರಗಿನಿಂದ ಬರೆಯುವವರ ಬರಹದ ಮೊದಲ ಒಡೆಯರು ಬರೆದವರೇ. ಒಡೆತನವನ್ನು ವರ್ಗಾಯಿಸಬೇಕಾದರೆ ಲಿಖಿತ ಪತ್ರವಿರಬೇಕು, ಅದಕ್ಕೆ ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಅದರಲ್ಲಿ ಬರೆದಿಲ್ಲದಿದ್ದರೆ ಐದು ವರ್ಷ ಎಂದು ಕಾಯಿದೆ ಎಣಿಸುತ್ತದೆ. ಯಾವ ಪ್ರದೇಶಕ್ಕೆ ಎಂದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹೀಗಾಗಿ ಸಂಭಾವನೆ ಪಡೆದ ಮಾತ್ರಕ್ಕೆ ಬರಹ ಕೈಬಿಟ್ಟು ಹೋಗುವುದಿಲ್ಲ, ಸಹಿ ಹಾಕಿದರೆ ಹೋಗಬಹುದು. ರಸೀದಿಯಲ್ಲಿ ಅಂಥ ಸಾಲು ಕಂಡರೆ ಅದನ್ನು ಹೊಡೆದು, 'ಈ ಸಂಚಿಕೆಯಲ್ಲಿ ಒಂದು ಬಾರಿ ಪ್ರಕಟಣೆಗೆ' ಎಂದು ಬರೆದು, ಪಕ್ಕದಲ್ಲಿ ಚಿಕ್ಕ ರುಜು ಹಾಕಿ ಕಳಿಸಿ. ಒಂದು ನಕಲು ನಿಮ್ಮ ಹತ್ತಿರ ಇರಲಿ.